ವೈದ್ಯರೊಡನೆ: ತಾನಾಗಿ ಮಾಯ್ದ ಹುಣ್ಣು

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು, ವಯಸ್ಸು 34, ಗಲ್ಫಿನಲ್ಲಿ ಕೆಲಸ. ಅಲ್ಲಿ ಒಮ್ಮೆ ಪರಸ್ತ್ರೀಯೊಡನೆ ಸಂಪರ್ಕವಾಗಿತ್ತು. ಮೂರು ವಾರಗಳ ಬಳಿಕ ಜನನಾಂಗದ ಮೇಲೆ ನೋವಿಲ್ಲದ ಒಂದು ಹುಣ್ಣು ಕಾಣಿಸಿತು. ಉಷ್ಣವೆಂದು ಭಾವಿಸಿ ಮುಲಾಮು ಹಚ್ಚಿದೆ, ಮಾಯಿತು. ಊರಿಗೆ ಬಂದು ಎರಡು ತಿಂಗಳಾಗಿದೆ. ಈಗ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕೆಂಪು ಮಚ್ಚೆಗಳೆದ್ದಿವೆ. ಪತ್ನಿ ಗರ್ಭಿಣಿಯೆಂದು ಕಳೆದ ವಾರ ತಿಳಿಯಿತು. ಅವಳಿಗೆ ತಿಳಿಸದೆ ನಾನೊಬ್ಬನೇ ಔಷಧಿ ತೆಗೆದುಕೊಂಡರೆ ಸಾಲದೆ?

ಉತ್ತರ: ಸಾಲದು. ರಕ್ತಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು, ಆದರೆ ನೀವು ಬರೆದಿರುವ ಕ್ರಮ, ಅಂದರೆ ಮೊದಲು ನೋವಿಲ್ಲದ ಹುಣ್ಣು, ಅದು ಮಾಯ್ದ ಮೇಲೆ ಅಂಗೈಯ ಮಚ್ಚೆ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಲಕ್ಷಣ. ಈ ಹುಣ್ಣು ಏನೂ ಹಚ್ಚದಿದ್ದರೂ 3ರಿಂದ 6 ವಾರಗಳಲ್ಲಿ ತಾನಾಗಿ ಮಾಯುತ್ತದೆ; ಮುಲಾಮಿಗೆ ಸಿಕ್ಕಿದ್ದು ಪುಕ್ಕಟೆ ಕೀರ್ತಿ. ರೋಗಾಣು ಮಾತ್ರ ಅಷ್ಟರಲ್ಲಿ ರಕ್ತ ಸೇರಿರುತ್ತದೆ. ಮಚ್ಚೆಗಳೂ ಹೀಗೆಯೇ ಅಡಗಬಹುದು, ಅನಂತರ ವರ್ಷಗಟ್ಟಲೆ ಏನೂ ಕಾಣಿಸದೆ, ಕೆಲವರಲ್ಲಿ ಹೃದಯಕ್ಕೋ ಮಿದುಳಿಗೋ ಹಾನಿಯಾದಾಗಲೇ ಬಯಲಾಗಬಹುದು. ಹಿಂದೆ ಇದನ್ನು ಪರಂಗಿ ಹುಣ್ಣು ಎಂದು ಹೊರಗಿನವರ ಹೆಸರಿಗೆ ಹಚ್ಚಿದರು, ಈಗ ಉಷ್ಣದ ತಲೆಗೆ ಕಟ್ಟುತ್ತೇವೆ. ಬೊಂಡದ ನೀರು ಕುಡಿಯುವುದರಲ್ಲಿ ದೋಷವಿಲ್ಲ. ರೋಗಾಣುವಿಗೆ ಅದರಿಂದ ಏನೂ ಆಗದು, ಅಷ್ಟೆ.

ನನಗೆ ಹೆಚ್ಚಿನ ಚಿಂತೆ ನಿಮ್ಮ ಪತ್ನಿಯದು. ಸೋಂಕು ಗರ್ಭಸ್ಥ ಶಿಶುವಿಗೆ ದಾಟಿದರೆ ಗರ್ಭಪಾತವಾಗಬಹುದು, ಮಗು ಸತ್ತು ಹುಟ್ಟಬಹುದು ಅಥವಾ ರೋಗದೊಂದಿಗೇ ಹುಟ್ಟಬಹುದು. ತಾಯಿಗೆ ಬೇಗನೆ ಪೆನಿಸಿಲಿನ್ ದೊರೆತರೆ ಇದನ್ನು ಬಹುಪಾಲು ತಡೆಯಬಹುದು. ಗರ್ಭಿಣಿಯರ ಮೊದಲ ರಕ್ತಪರೀಕ್ಷೆಯಲ್ಲಿ ಸಿಫಿಲಿಸನ್ನೂ ನೋಡುತ್ತಾರೆ, ಆದರೆ ಸೋಂಕು ಹೊಸದಾಗಿದ್ದರೆ ಅದು ಪತ್ತೆಯಾಗದೆ ಹೋಗಬಹುದು. ಆದ್ದರಿಂದಲೇ ನಿಮಗೆ ಸೋಂಕು ದೃಢಪಟ್ಟರೆ, ಅವರ ವರದಿ ನೆಗೆಟಿವ್ ಬಂದರೂ ಚಿಕಿತ್ಸೆ ಕೊಡುವುದು ವಾಡಿಕೆ. ಮುಚ್ಚಿಟ್ಟರೆ ವೈದ್ಯರಿಗೆ ಈ ಸಂಗತಿ ತಿಳಿಯುವುದಾದರೂ ಹೇಗೆ? ನೀವೇ ಹೇಳಲು ಬಾಯಿ ಬಾರದಿದ್ದರೆ ಸರಕಾರಿ ಆಸ್ಪತ್ರೆಯ ಆಪ್ತಸಮಾಲೋಚಕರ ನೆರವು ಕೇಳಿ. ಕೇರಳದಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಗೆಂದು ಇವರಿರುವ ಕೇಂದ್ರಗಳಿಗೆ ಜ್ಯೋತಿಸ್ ಎಂದು ಹೆಸರು. ಇಂಥ ವಿಷಯವನ್ನು ಮಲಯಾಳದಲ್ಲಿ ಹೇಳಲು ತೊಡಕೆನಿಸಿದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರೂ ಸರಿಯೇ, ಈ ವಾರವೇ ಹೋಗಿ.

ಆರಂಭದ ಹಂತದಲ್ಲಿ ಸಾಮಾನ್ಯವಾಗಿ 24 ಲಕ್ಷ ಯುನಿಟ್ ಬೆಂಜಥೀನ್ ಪೆನಿಸಿಲಿನನ್ನು ಒಂದೇ ಸಲ ಪೃಷ್ಠಕ್ಕೆ ಚುಚ್ಚುತ್ತಾರೆ. ಚುಚ್ಚಿದಲ್ಲಿ ನೋವು ಇದ್ದೇ ಇರುತ್ತದೆ, ಅಂದು ರಾತ್ರಿ ಜ್ವರವೂ ಬರಬಹುದು, ಗಾಬರಿಯಾಗಬೇಡಿ. ಪೆನಿಸಿಲಿನ್ ಅಲರ್ಜಿಯಿದ್ದರೆ ಮೊದಲೇ ತಿಳಿಸಿ. ಎಚ್‌ಐವಿ, ಹೆಪಟೈಟಿಸ್ ಬಿ, ಗೊನೋರಿಯಾ, ಕ್ಲಮೀಡಿಯಾ ಎಂಬ, ಇದೇ ರೀತಿ ಹರಡುವ ಸೋಂಕುಗಳ ಪರೀಕ್ಷೆಗಳನ್ನೂ ಜೊತೆಯಲ್ಲೇ ಮಾಡಿಸಿಕೊಳ್ಳಿ. ಕ್ಲಮೀಡಿಯಾ ಹೆಚ್ಚಿನ ಹೆಂಗಸರಲ್ಲಿ ಯಾವ ಸುಳಿವನ್ನೂ ಕೊಡುವುದಿಲ್ಲ. ಇಬ್ಬರ ಚಿಕಿತ್ಸೆಯೂ ಮುಗಿದು ವೈದ್ಯರು ಒಪ್ಪುವವರೆಗೆ ಸಂಪರ್ಕ ಬೇಡ.

ನೀವು ಕೇಳದ ಒಂದು ವಿಷಯ: ಸಿಫಿಲಿಸಿನ ಟಿಪಿಎಚ್‌ಎ ಎಂಬ ಪರೀಕ್ಷೆ ರೋಗ ವಾಸಿಯಾದ ಮೇಲೂ ಹೆಚ್ಚಿನವರಲ್ಲಿ ಬದುಕಿಡೀ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಚಿಕಿತ್ಸೆ ಫಲಿಸಿತೇ ಎಂಬುದನ್ನು ಕೆಲವು ತಿಂಗಳಿಗೊಮ್ಮೆ ಮಾಡುವ ವಿಡಿಆರ್‌ಎಲ್ ಎಂಬ ಇನ್ನೊಂದು ರಕ್ತಪರೀಕ್ಷೆಯಲ್ಲಿ ಕಾಣುವ ಪ್ರಮಾಣದ ಇಳಿಕೆಯಿಂದ ತಿಳಿಯಬೇಕು. ವೀಸಾ ಮೆಡಿಕಲ್‌ನಲ್ಲಿ ಪ್ರಶ್ನೆ ಎದ್ದರೆ ತೋರಿಸಲು ಚುಚ್ಚುಮದ್ದಿನ ಚೀಟಿಯನ್ನೂ ಈ ವರದಿಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.