ಒಂದು ಆಂಟೆನಾ ಸಾಲದೇ?

ಪ್ರಶ್ನೆ: ಗೌರಿಬಿದನೂರಿನ ಬಳಿ ಬಯಲಿನ ತುಂಬ ಹಳೆಯ ಟಿ.ವಿ. ಆಂಟೆನಾದಂಥವು ಸಾಲಾಗಿ ನಿಂತಿರುವುದನ್ನು ಕಂಡೆ. ಅವು ಸೂರ್ಯನ ರೇಡಿಯೊ ಅಲೆಗಳಿಗಂತೆ. ಅಷ್ಟೊಂದು ಏಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ಅದು ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯ, ನನಗೆ ಬಹಳ ಪ್ರಿಯವಾದ ಜಾಗ. ಒಂದೇ ಆಂಟೆನಾ ಅಲೆ ಬಂದಿತೆಂದು ತಿಳಿಸಬಲ್ಲದು, ಸೂರ್ಯನ ಯಾವ ಅಂಚಿನಿಂದ ಬಂದಿತೆಂದು ತಿಳಿಸಲಾರದು.

ಪೂರ್ವ-ಪಶ್ಚಿಮವಾಗಿ 100 ಮೀಟರ್ ಅಂತರದಲ್ಲಿ ಎರಡು ಆಂಟೆನಾಗಳಿವೆ ಎನ್ನಿ. ಅಲೆ ಹೊರಡುವ ಮೂಲವು ನೆತ್ತಿಯಿಂದ ಪಶ್ಚಿಮಕ್ಕೆ 1 ಡಿಗ್ರಿ ಸರಿದಿದ್ದರೆ, ಪೂರ್ವದ ಆಂಟೆನಾ ತಲುಪಲು ಅಲೆ ಸುಮಾರು 1.75 ಮೀಟರ್ ಹೆಚ್ಚು ಸಾಗಬೇಕು. ತಡವಾಗುವುದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಆರು ಪಾಲು ಮಾತ್ರ! ಆದರೆ 80 ಮೆಗಾಹರ್ಟ್ಸ್ ಆವರ್ತನದಲ್ಲಿ ತರಂಗಾಂತರ (ಒಂದು ಪೂರ್ತಿ ಅಲೆಯ ಉದ್ದ) 3.75 ಮೀಟರ್, ಅಂದರೆ ಪೂರ್ವದ ಆಂಟೆನಾದಲ್ಲಿ ಅಲೆ ಪಶ್ಚಿಮದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ ಅಲೆಯಷ್ಟು ಹಿಂದೆ. ಇದನ್ನು ಚೆನ್ನಾಗಿ ಅಳೆಯಬಹುದು.

ಒಂದೇ ಜೋಡಿಯನ್ನು ನಂಬುವಂತಿಲ್ಲ. ಇನ್ನೂ ಪೂರ್ತಿ ಒಂದು ಅಲೆಯಷ್ಟು ಹಿಂದೆ ಬಿದ್ದರೂ ಅಳತೆ ಅದೇ ಬರುತ್ತದೆ, ದಿಕ್ಕು ಬೇರೆಯಾಗಿರುತ್ತದೆ. ಹತ್ತಿರದ ಜೋಡಿ ಆ ಗೊಂದಲವನ್ನು ಬಿಡಿಸುತ್ತದೆ, ದೂರದ ಜೋಡಿ ಸೂಕ್ಷ್ಮತೆ ಕೊಡುತ್ತದೆ. ಉತ್ತರ-ದಕ್ಷಿಣದ ಸ್ಥಾನಕ್ಕೆ ಆ ದಿಕ್ಕಿನಲ್ಲೂ ಸಾಲು ಬೇಕು.

ನಿಜವಾದ ತೊಡಕು ಮೇಲಿದೆ: ಅಯಾನುಗೋಳವು (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶದ ಕಣಗಳಿರುವ ಪದರ) ಇಂಥ ಉದ್ದ ಅಲೆಗಳನ್ನು ಬಾಗಿಸಿ ಮೂಲದ ಸ್ಥಾನವನ್ನೇ ಸರಿಸಿ ತೋರಿಸುತ್ತದೆ. ಆದ್ದರಿಂದ ಸ್ಥಾನ ಚೆನ್ನಾಗಿ ಗೊತ್ತಿರುವ ಬೇರೆ ರೇಡಿಯೊ ಮೂಲಗಳನ್ನು ಗಮನಿಸಿ ಅಳತೆಯನ್ನು ತಿದ್ದಿಕೊಳ್ಳುತ್ತಾರೆ.