ಪಿಟ್ಸ್‌ಬರ್ಗ್ ತಲುಪದ ರಿಂಕು ಸಿಂಗ್

ನಮಸ್ಕಾರ.

ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ರಿಂಕು ಸಿಂಗ್ ಬಗ್ಗೆ ನೀವು ಬರೆದ 'ವಾರಾಣಸಿಯಿಂದ ಪಿಟ್ಸ್‌ಬರ್ಗ್‌ಗೆ' ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದಿದೆ, ಎರಡನೇ ಸಲ ಕೆಂಪು ಪೆನ್ನು ಹಿಡಿದು ಕೂತೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ನಿಮ್ಮ ಕೈಗೆ ಒಳ್ಳೆಯ ಕಥೆ ಸಿಕ್ಕಿದೆ, ಆದರೆ ಅದು ಶುರುವಾಗುವ ಹೊತ್ತಿಗೆ ನೀವು ಎದ್ದು ಹೋಗಿದ್ದೀರಿ.

ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ರಿಂಕು ಸಿಂಗ್ ಪಿಟ್ಸ್‌ಬರ್ಗ್ ತಲುಪಲೇ ಇಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ಬಿನ ಜೊತೆ 2008ರ ನವೆಂಬರ್‌ನಲ್ಲಿ ಒಪ್ಪಂದ ಆದದ್ದು ನಿಜ. ಆದರೆ ಮೇಜರ್ ಲೀಗ್, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಮಟ್ಟದ ಪಂದ್ಯದಲ್ಲಿ ಅವರು ಒಂದೇ ಒಂದು ಚೆಂಡನ್ನೂ ಎಸೆದಿಲ್ಲ. ಹೊರಟಿದ್ದು ಅಲ್ಲಿಗೆ, ಮುಟ್ಟಲಿಲ್ಲ. ಇದು ಗೊತ್ತಿದ್ದೂ ಆ ಹೆಸರಿಟ್ಟಿರಾ, ಗೊತ್ತಿಲ್ಲದೆ ಇಟ್ಟಿರಾ? ಎರಡೂ ತಪ್ಪೇ. ಮೊದಲನೆಯದು ಜಾಸ್ತಿ ತಪ್ಪು.

ಲೇಖನದಲ್ಲಿ ಒಟ್ಟು ಹದಿನಾಲ್ಕು ಪ್ಯಾರಾ ಇದೆ. ಹನ್ನೊಂದು ಪ್ಯಾರಾಗಳಲ್ಲಿ ಭದೋಹಿ ಜಿಲ್ಲೆಯ ಹಳ್ಳಿ, ಲಾರಿ ಓಡಿಸುವ ಅಪ್ಪ, ಜಾವೆಲಿನ್, ವೇಗವಾಗಿ ಚೆಂಡೆಸೆಯುವವರನ್ನು ಹುಡುಕಿದ 2008ರ ಟಿವಿ ಸ್ಪರ್ಧೆ, ಗಂಟೆಗೆ 87 ಮೈಲಿ ತೋರಿಸಿದ ಸ್ಪೀಡ್ ಗನ್, ಒಂದು ಲಕ್ಷ ಡಾಲರ್ ಬಹುಮಾನ, ವಿಮಾನ, ಸಹಿ. ಹನ್ನೆರಡನೆಯದರಲ್ಲಿ ಕೆಲವು ಬಿಡಿ ಸಾಲು, ಅದರಲ್ಲೊಂದು ವಾಕ್ಯ: "ನಂತರ ಕೆಲವು ವರ್ಷ ಅವರು ಮೈನರ್ ಲೀಗ್‌ಗಳಲ್ಲಿ ಆಡಿ ಅನುಭವ ಪಡೆದರು." ಆಮೇಲೆ ನೇರವಾಗಿ ಡಬ್ಲ್ಯುಡಬ್ಲ್ಯುಇ ಕುಸ್ತಿ, ಚಪ್ಪಾಳೆ.

ನನಗೆ ಬೇಕಾದ ಲೇಖನ ಆ ಒಂದು ವಾಕ್ಯದೊಳಗೆ ಇದೆ. ಸ್ಪರ್ಧೆ ಗೆದ್ದ ಕಥೆಯನ್ನು ಡಿಸ್ನಿಯವರು 2014ರಲ್ಲೇ ಸಿನಿಮಾ ಮಾಡಿ ಮುಗಿಸಿದ್ದಾರೆ. ಅದನ್ನೇ ನೀವು ಮತ್ತೆ ಹೇಳಿದರೆ ಓದುವವರು ಯಾರು? ನಿಮ್ಮ ಹನ್ನೊಂದು ಪ್ಯಾರಾಗಳನ್ನು ಒಂದಕ್ಕೆ ಇಳಿಸಿ. ಆ ಒಂದರ ಮೊದಲ ಸಾಲಿನಲ್ಲೇ ಇವರು ಕ್ರಿಕೆಟ್ ರಿಂಕು ಅಲ್ಲ ಅಂತ ಹೇಳಿಬಿಡಿ. ನಮ್ಮ ಕಚೇರಿಯಲ್ಲಿ ನಿಮ್ಮ ಲೇಖನ ಮೊದಲು ತೆರೆದ ಹುಡುಗಿಯೇ "ಕೊನೇ ಓವರಲ್ಲಿ ಐದು ಸಿಕ್ಸ್ ಹೊಡೆದನಲ್ಲ, ಅವನಾ ಸಾರ್?" ಎಂದು ಕೇಳಿದಳು. ಅವಳದ್ದೇನೂ ತಪ್ಪಿಲ್ಲ ಬಿಡಿ. ಇಬ್ಬರೂ ಉತ್ತರ ಪ್ರದೇಶದವರು, ಇಬ್ಬರೂ ಎಡಗೈಯವರು.

ಈಗ ಮೇಜರ್ ಲೀಗ್‌ಗೆ ಹತ್ತುವ ಮೆಟ್ಟಿಲುಗಳ ವಿಷಯ. ಮೈನರ್ ಲೀಗ್ ಅಂದರೆ "ಅಮೆರಿಕದ ರಣಜಿ" ಎಂದು ಬರೆದಿದ್ದೀರಿ. ಕೇಳಲು ಚೆನ್ನಾಗಿದೆ, ಆದರೆ ಓದುಗ ದಾರಿ ತಪ್ಪುತ್ತಾನೆ. ರಣಜಿಯಲ್ಲಿ ರಾಜ್ಯ ಕಪ್ ಗೆಲ್ಲಬೇಕು ಎಂದು ಆಡುತ್ತದೆ. ಇಲ್ಲಿ ಹಾಗಲ್ಲ. ಸಣ್ಣ ಊರಿನ ತಂಡದ ಮಾಲೀಕರು ಹೆಚ್ಚಾಗಿ ಬೇರೆ ಇರುತ್ತಾರೆ, ಆಟಗಾರರು ಮಾತ್ರ ದೊಡ್ಡ ಕ್ಲಬ್ಬಿನವರು. ಯಾರು ಮೇಲೆ ಹೋಗಬೇಕು, ಯಾರು ಕೆಳಗಿಳಿಯಬೇಕು, ಯಾರು ಎಷ್ಟು ಚೆಂಡು ಎಸೆಯಬೇಕು, ಎಲ್ಲ ತೀರ್ಮಾನವೂ ಆ ದೊಡ್ಡ ಕ್ಲಬ್ಬಿನದೇ. ಪಂದ್ಯ ಗೆಲ್ಲುವ ಹೊತ್ತಿನಲ್ಲಿ ಚೆನ್ನಾಗಿ ಎಸೆಯುತ್ತಿರುವ ಪಿಚರ್‌ನನ್ನು ಎಸೆತಗಳ ಲೆಕ್ಕ ಮುಗಿಯಿತು ಎಂದು ಹೊರಗೆ ಕರೆಸುತ್ತಾರೆ. ಸ್ಟ್ಯಾಂಡಿನಲ್ಲಿ ಕೂತವರು ಗೊಣಗುತ್ತಾರೆ. ಕ್ಲಬ್ಬಿಗೆ ಆ ಊರಿನ ಸೋಲು ಗೆಲುವಿಗಿಂತ ಆ ಕೈ ಮುಖ್ಯ.

ರಿಂಕು ಕಾಲದಲ್ಲಿ ಪೈರೇಟ್ಸ್ ಏಣಿ ಹೀಗಿತ್ತು. ಎಲ್ಲಕ್ಕಿಂತ ಕೆಳಗೆ ಡೊಮಿನಿಕನ್ ಗಣರಾಜ್ಯದ ಬೇಸಿಗೆ ಲೀಗ್. ಅದರ ಮೇಲೆ ಫ್ಲೋರಿಡಾದ ಬ್ರಾಡೆಂಟನ್‌ನಲ್ಲಿ ಗಲ್ಫ್ ಕೋಸ್ಟ್ ಲೀಗ್. ಅಲ್ಲಿ ಆಟ ಮಟಮಟ ಮಧ್ಯಾಹ್ನ, ಟಿಕೆಟ್ ಇಲ್ಲ, ನೋಡುವವರೂ ಹೆಚ್ಚಿಲ್ಲ. ಆಮೇಲೆ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್, ಆಮೇಲೆ ವೆಸ್ಟ್ ವರ್ಜೀನಿಯಾದ ಚಾರ್ಲ್‌ಸ್ಟನ್. ಅದರಾಚೆ ಬ್ರಾಡೆಂಟನ್‌ನಲ್ಲೇ ಇನ್ನೊಂದು ದೊಡ್ಡ ತಂಡ, ಆಲ್ಟೂನ, ಇಂಡಿಯಾನಾಪೊಲಿಸ್. ಇಷ್ಟೂ ದಾಟಿದರೆ ಪಿಟ್ಸ್‌ಬರ್ಗ್.

2009ರ ಜುಲೈನಲ್ಲಿ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ ರಿಂಕು ಒಂದು ಪಂದ್ಯ ಗೆದ್ದರು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಭಾರತದ ಪ್ರಜೆಯೊಬ್ಬನ ಮೊದಲ ಗೆಲುವು ಅದು. ನಿಮ್ಮ ಲೇಖನದಲ್ಲಿ ಅದೂ ಇಲ್ಲ! 2011ರಲ್ಲಿ ಒಂದೇ ವರ್ಷ ಡೊಮಿನಿಕನ್, ಸ್ಟೇಟ್ ಕಾಲೇಜ್, ವೆಸ್ಟ್ ವರ್ಜೀನಿಯಾ, ಮೂರು ಕಡೆ ಆಡಿಸಿದರು. ಆ ವರ್ಷದ ಕೊನೆಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ತಂಡ. ಮೂರು ವರ್ಷದ ಹಿಂದೆ ಬೇಸ್‌ಬಾಲ್ ಕೈಯಲ್ಲಿ ಹಿಡಿದೇ ಗೊತ್ತಿರದ ಹುಡುಗ ಹೀಗೆ ಊರೂರು ಸುತ್ತುತ್ತಿದ್ದ. ಇದಕ್ಕೆ ನೀವು ಕೊಟ್ಟ ಹೆಸರು "ಅನುಭವ ಪಡೆದರು".

2012ರ ಬಗ್ಗೆ ಒಂದು ಸಾಲು ಇದೆ: "ಆ ವರ್ಷ 72 ಇನಿಂಗ್ಸ್ ಆಡಿದರು." ಕ್ರಿಕೆಟ್ ನೋಡಿ ಬೆಳೆದ ಓದುಗ ಇದನ್ನು 72 ಸಲ ಬ್ಯಾಟಿಂಗ್‌ಗೆ ಇಳಿದರು ಎಂದೇ ಓದುತ್ತಾನೆ. ಬೇಸ್‌ಬಾಲ್‌ನಲ್ಲಿ ಪಿಚರ್‌ನ ಲೆಕ್ಕಕ್ಕೆ ಒಂದು ಇನಿಂಗ್ ಅಂದರೆ ಮೂರು ಔಟ್. 72 ಇನಿಂಗ್ ಅಂದರೆ 216 ಔಟ್. ಅದು 39 ಪಂದ್ಯಗಳಲ್ಲಿ ಬಂದದ್ದು, ಅಂದರೆ ಪಂದ್ಯಕ್ಕೆ ಎರಡು ಇನಿಂಗೂ ಪೂರ್ತಿ ಇಲ್ಲ. ಇಷ್ಟರಿಂದಲೇ ಗೊತ್ತಾಗುತ್ತದೆ, ಇವರು ಮೊದಲ ಚೆಂಡು ಹಾಕುವ ಪಿಚರ್ ಅಲ್ಲ, ಮಧ್ಯದಲ್ಲಿ ಬರುವ ರಿಲೀವರ್. ಆ 216ರಲ್ಲಿ 65 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಫೀಲ್ಡರ್‌ಗಳ ನೆರವಿಲ್ಲದೆ ತಮ್ಮ ಎಸೆತದಿಂದಲೇ ಔಟ್ ಮಾಡಿದರು. ಬಿಟ್ಟುಕೊಟ್ಟ ರನ್‌ಗಳಲ್ಲಿ ಪಿಚರ್ ಲೆಕ್ಕಕ್ಕೆ ಬರುವವು ಒಂಬತ್ತು ಇನಿಂಗ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಮೂರು. ಆ ಮಟ್ಟಕ್ಕೆ ಒಳ್ಳೆಯ ಸಂಖ್ಯೆಯೇ. ಈ ಲೆಕ್ಕವನ್ನು ಓದುಗನ ಮುಂದೆ ಬಿಡಿಸಿ ಇಡಿ, ಆಗ "ಅದ್ಭುತ ಪ್ರದರ್ಶನ" ಎಂಬ ಮಾತನ್ನು ನೀವು ಬರೆಯಬೇಕಾಗಿಯೇ ಇಲ್ಲ.

2019ರ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಉತ್ತರ ಕೆರೊಲಿನಾದ ಗ್ರೀನ್ಸ್‌ಬೊರೊದಲ್ಲಿ ಇಂಥ ಒಂದು ಪಂದ್ಯ ನೋಡಿದ್ದೆ. ಆಗ ಅದು ಪೈರೇಟ್ಸ್ ಕೈಕೆಳಗಿನ ತಂಡ. ರಿಂಕು ವೆಸ್ಟ್ ವರ್ಜೀನಿಯಾ ಪರ ಆಡಿದ ಸೌತ್ ಅಟ್ಲಾಂಟಿಕ್ ಲೀಗೇ. ಬ್ಯಾಟರ್ ಎಸೆದು ಓಡಿದ ಬ್ಯಾಟನ್ನು ಕಚ್ಚಿಕೊಂಡು ಬರಲು ಒಂದು ಕಪ್ಪು ಲ್ಯಾಬ್ರಡಾರ್ ನಾಯಿ ಇತ್ತು. ಮೊಮ್ಮಗನ ಕಣ್ಣೆಲ್ಲ ಅದರ ಮೇಲೆ. ನನ್ನ ಕಣ್ಣು ಮುಂದಿನ ಸಾಲಿನ ಹುಡುಗನ ಮೇಲೆ. ಒಂದು ಕೈಯಲ್ಲಿ ರೇಡಾರ್ ಗನ್, ತೊಡೆಯ ಮೇಲೆ ಒಂದು ಹಾಳೆ. ಪ್ರತಿ ಎಸೆತಕ್ಕೂ ಗನ್ ಎತ್ತುವುದು, ಸಂಖ್ಯೆ ನೋಡುವುದು, ಬರೆಯುವುದು. ಮಾತಾಡಿಸಿದೆ. ಅವನೂ ಅದೇ ತಂಡದ ಪಿಚರ್. ಎರಡು ದಿನದ ಹಿಂದೆ ಎಸೆದಿದ್ದ, ಇವತ್ತು ಕೈಗೆ ರಜೆ. ರಜೆ ಇದ್ದವರು ಎಸೆಯುವವನ ಲೆಕ್ಕ ಬರೆಯಬೇಕು. ಮೈದಾನದಲ್ಲಿದ್ದವನು ಚೆನ್ನಾಗಿ ಎಸೆದರೆ ಮೇಲಿನ ತಂಡದ ಕರೆ ಬರುವುದು ಅವನಿಗೆ, ಇವನಿಗಲ್ಲ. ಆ ಒಳ್ಳೆಯ ಸಂಖ್ಯೆಗಳನ್ನು ಇವನೇ ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ.

ಇದನ್ನು ಓದಿ ರಿಂಕು ಕೈಗೆ ಗನ್ ಕೊಟ್ಟು ಸ್ಟ್ಯಾಂಡಿನಲ್ಲಿ ಕೂರಿಸಬೇಡಿ ಮಾರಾಯ್ರೇ. ಹೇಳಿದೆನಲ್ಲ, ಅವರು ರಿಲೀವರ್. ರಿಲೀವರ್‌ಗಳು ಬುಲ್‌ಪೆನ್ ಎಂಬ ಮೈದಾನದಂಚಿನ ಜಾಗದಲ್ಲಿ ಕರೆಗೆ ಕಾಯುತ್ತಾರೆ. ನಾನು ಹೇಳುತ್ತಿರುವುದು ಇಂಥದ್ದೊಂದು ಹುಡುಕಿ ಅಂತ.

ದುಡ್ಡು. "ಕೋಟ್ಯಂತರ ರೂಪಾಯಿ ಒಪ್ಪಂದ" ಎಲ್ಲಿಂದ ತಂದಿರಿ? ಸ್ಪರ್ಧೆಯ ದೊಡ್ಡ ಬಹುಮಾನವಾದ ಹತ್ತು ಲಕ್ಷ ಡಾಲರ್ ಅವರಿಗೆ ಸಿಗಲಿಲ್ಲ, ಒಂದು ಲಕ್ಷ ಸಿಕ್ಕಿತು. ಮೈನರ್ ಲೀಗ್ ಸಂಬಳ ಕೇಳಿದರೆ ನೀವು ಬೆಚ್ಚಿಬೀಳುತ್ತೀರಿ. ರಿಂಕು ಆಡುತ್ತಿದ್ದ ಕಾಲವನ್ನು ಬಿಡಿ, 2022ರಲ್ಲೂ ಲೋ-ಎ ಮಟ್ಟದ (ರಿಂಕು ವೆಸ್ಟ್ ವರ್ಜೀನಿಯಾದಲ್ಲಿ ಆಡಿದ ಮಟ್ಟ) ಆಟಗಾರನಿಗೆ ವರ್ಷಕ್ಕೆ ಕನಿಷ್ಠ ಸುಮಾರು 11,000 ಡಾಲರ್. 2023ರಲ್ಲಿ ಮೈನರ್ ಲೀಗ್ ಆಟಗಾರರು ಯೂನಿಯನ್ ಮೂಲಕ ಮೊದಲ ಒಪ್ಪಂದ ಮಾಡಿಕೊಂಡ ಮೇಲೆ ಅದು 26,200 ಆಯಿತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ಒಂದೇ ಕ್ಲಬ್ಬು, ಒಂದೇ ಕೆಲಸ. ವೆಸ್ಟ್ ವರ್ಜೀನಿಯಾದಲ್ಲಿ ರಿಂಕು ಆಡಿದ ಕಾಲಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 140 ಪಂದ್ಯ, ನಡುವೆ ರಾತ್ರಿಯ ಬಸ್ಸುಗಳು.

ರಿಂಕು ಜೊತೆ ಪೈರೇಟ್ಸ್‌ಗೆ ಸಹಿ ಹಾಕಿದ ದಿನೇಶ್ ಪಟೇಲ್ ಎಲ್ಲಿ ಹೋದರು? ಸಹಿ ಹಾಕುವವರೆಗೆ ನಿಮ್ಮ ಲೇಖನದಲ್ಲಿ ಇಬ್ಬರಿದ್ದರು. ಆಮೇಲೆ ಒಬ್ಬರು ಸದ್ದಿಲ್ಲದೆ ಮಾಯ. ಇಬ್ಬರೂ ಒಟ್ಟಿಗೆ ಬಂದವರು, ಒಟ್ಟಿಗೆ ಇಂಗ್ಲಿಷ್ ಕಲಿತವರು. 2010ರ ಡಿಸೆಂಬರ್‌ನಲ್ಲಿ ಪೈರೇಟ್ಸ್ ದಿನೇಶ್ ಅವರನ್ನು ಕೈಬಿಟ್ಟಿತು. ಅವರು ಊರಿಗೆ ವಾಪಸಾದರು. ರಿಂಕು ಉಳಿದರು. ಈ ಏಣಿ ಅಂದರೆ ಏನು ಎಂದು ಗೊತ್ತಾಗುವುದು ಇಲ್ಲಿ, ನೀವು ಇದಕ್ಕೆ ಅರ್ಧ ಸಾಲನ್ನೂ ಕೊಟ್ಟಿಲ್ಲ.

ಇನ್ನು ಮೊಣಕೈ. "ಗಾಯದ ಸಮಸ್ಯೆಯಿಂದ" ಎಂದು ಬರೆದು ದಾಟಿದ್ದೀರಿ. ಕ್ರಿಕೆಟ್ ಬೌಲರ್ ಮಡಚಿದ ಮೊಣಕೈಯನ್ನು ನೆಟ್ಟಗೆ ಮಾಡುತ್ತ ಎಸೆದರೆ ನೋಬಾಲ್. ಪಿಚರ್‌ಗೆ ಮಡಚಿದ ಮೊಣಕೈಯೇ ಬಂಡವಾಳ. ಚಾಟಿ ಬೀಸಿದ ಹಾಗೆ ಕೈ ಬೀಸುತ್ತಾನೆ, ಆ ಎಳೆತವೆಲ್ಲ ಮೊಣಕೈ ಒಳಬದಿಯ ಸಣ್ಣ ಲಿಗಮೆಂಟ್ ಮೇಲೆ. ಅದು ಹರಿದರೆ ಸಾಮಾನ್ಯವಾಗಿ ಮುಂಗೈಯಿಂದ ಒಂದು ಟೆಂಡನ್ ತೆಗೆದು, ಮೊಣಕೈ ಎಲುಬುಗಳಿಗೆ ತೂತು ಕೊರೆದು, ಅದನ್ನು ದಾರದಂತೆ ಪೋಣಿಸಿ ಬಿಗಿಯುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಈ ಶಸ್ತ್ರಚಿಕಿತ್ಸೆಯನ್ನು ಡಾಡ್ಜರ್ಸ್ ಪಿಚರ್ ಟಾಮಿ ಜಾನ್ ಅವರ ಕೈಗೆ ಮೊದಲು ಮಾಡಿದರು. ಇವತ್ತಿಗೂ ಅದಕ್ಕೆ ವೈದ್ಯರ ಹೆಸರಿಲ್ಲ, ರೋಗಿಯ ಹೆಸರಿದೆ. ಟಾಮಿ ಜಾನ್ 1976ರಲ್ಲಿ ಮರಳಿ ಬಂದು ಇನ್ನೂ 164 ಪಂದ್ಯ ಗೆದ್ದರು. ರಿಂಕು ಅವರಿಗೂ ಅದೇ ಶಸ್ತ್ರಚಿಕಿತ್ಸೆ ಆಯಿತು. 2012ರ ಆ ಒಳ್ಳೆಯ ವರ್ಷವೇ ಕೊನೆಯದಾಯಿತು. ವೆಸ್ಟ್ ವರ್ಜೀನಿಯಾದ ಮೇಲೆ ಇನ್ನೂ ಮೂರು ಮೆಟ್ಟಿಲು ಬಾಕಿ ಇತ್ತು. 2018ರ ಜನವರಿಯಲ್ಲಿ ಕುಸ್ತಿಗೆ ಸಹಿ ಹಾಕುವವರೆಗಿನ ವರ್ಷಗಳು ನಿಮ್ಮಲ್ಲಿ ಪೂರ್ತಿ ಖಾಲಿ. ಏನೂ ಆಗದ ಆ ವರ್ಷಗಳನ್ನೇ ಬರೆಯುವುದು ಕಷ್ಟ, ಗೊತ್ತು.

ಭಾಷೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. "ಛಲದಂಕಮಲ್ಲ" ಎರಡು ಸಲ, "ಸಾಧನೆಯ ಶಿಖರ" ಮೂರು ಸಲ ಬಂದಿದೆ, ಎಲ್ಲ ತೆಗೆಯಿರಿ. ಪಿಚರ್‌ಗೆ ಒಂದು ಕಡೆ "ಬೌಲರ್", ಇನ್ನೊಂದು ಕಡೆ "ಎಸೆತಗಾರ" ಅಂದಿದ್ದೀರಿ. ಪಿಚರ್ ಅಂತಲೇ ಬರೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊನೆಯ ಪ್ಯಾರಾಕ್ಕೆ ಸ್ವಾಮಿ ವಿವೇಕಾನಂದರನ್ನು ಕರೆತಂದಿದ್ದೀರಿ. ಅವರನ್ನು ಅವರ ಪಾಡಿಗೆ ಬಿಟ್ಟುಬಿಡಿ. ಲಾರಿ ಓಡಿಸುವ ಅಪ್ಪ ಮೊದಲ ಸಲ ಬೇಸ್‌ಬಾಲ್ ಗ್ಲೌಸ್ ಮುಟ್ಟಿ ನೋಡಿದ್ದನ್ನು ಬರೆದಿದ್ದೀರಲ್ಲ, ಆ ನಾಲ್ಕು ಸಾಲು ತುಂಬ ಚೆನ್ನಾಗಿದೆ. ಅದು ಎಲ್ಲಿ ಓದಿದ್ದು? ಊಹೆಯಾದರೆ ಬೇಡ. ಎಲ್ಲಾದರೂ ಓದಿದ್ದಾದರೆ ಎಲ್ಲಿ ಅಂತ ಪಕ್ಕದಲ್ಲಿ ಬರೆದು ಕಳಿಸಿ, ಉಳಿಸಿಕೊಳ್ಳೋಣ.

ಮತ್ತೆ ಬರೆದು 1,200 ಪದದೊಳಗೆ, ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳಿಸಿ. ವರ್ಡ್ ಫೈಲ್, ಯೂನಿಕೋಡ್. ನುಡಿ ಫಾಂಟ್‌ನಲ್ಲಿ ಕಳಿಸಿದರೆ ನಮ್ಮ ಹುಡುಗಿ ನಿಮಗೆ ಫೋನ್ ಮಾಡಿ ಬೈಯುತ್ತಾಳೆ.