ಮೊದಲು ಇಂಜಿನ್ ಬ್ಲಾಕಿನ ನೀರು ಇಳಿಸಿ, ಕ್ಯಾಮ್‌ಶಾಫ್ಟ್ ಆಮೇಲೆ

ನಮಸ್ಕಾರ. ಮನೆಯಲ್ಲೇ ಕಟ್ಟಿದ ನಿಮ್ಮ 350 ಷೆವಿ (ಷೆವರ್ಲೆ) ಇಂಜಿನಿನ ಡ್ರ್ಯಾಗ್ ಕಾರು (ನೇರ ಓಟದ ರೇಸ್ ಕಾರು) ಕ್ವಾರ್ಟರ್ ಮೈಲಿಯನ್ನು 12.1 ಸೆಕೆಂಡಿನಲ್ಲಿ ಓಡುತ್ತಿದೆ, ಈ ಮಿಷಿಗನ್ ಚಳಿಗಾಲದಲ್ಲಿ ದೊಡ್ಡ ಕ್ಯಾಮ್‌ಶಾಫ್ಟ್ (ಇಂಜಿನಿನ ವಾಲ್ವ್ ತೆರೆಯುವ ದಂಡ) ಹಾಕಲೇ ಅಂತ ಕೇಳಿದ್ದೀರಿ. ಅದಕ್ಕೂ ಮೊದಲು ಒಂದು ಮಾತು. ರೇಡಿಯೇಟರಿನಲ್ಲಿ ಬರೀ ನೀರಿದೆ ಅಂದಿದ್ದೀರಲ್ವಾ? ಕೂಲಂಟ್ (ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ದ್ರವ) ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ, ಹಾಗಾಗಿ ನೀರು ಸರಿಯೇ. ಆದರೆ ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣದ ಬ್ಲಾಕನ್ನೂ (ಇಂಜಿನಿನ ಮುಖ್ಯ ಒಡಲು) ಸೀಳಿಬಿಡುತ್ತದೆ. ರೇಡಿಯೇಟರ್ ಖಾಲಿ ಮಾಡಿದರೆ ಸಾಲದು. ಬ್ಲಾಕಿನ ಎರಡೂ ಪಕ್ಕದ ಡ್ರೈನ್ ಪ್ಲಗ್ ಬಿಚ್ಚಿ. ನೀರು ಬರಲಿಲ್ಲ ಅಂದರೆ ಒಳಗೆ ನೀರಿಲ್ಲ ಅಂತಲ್ಲ, ತೂತಿಗೆ ತುಕ್ಕು ಕಟ್ಟಿರಬಹುದು. ತಂತಿ ಹಾಕಿ ಕೆದಕಿ. ದಯವಿಟ್ಟು ಇವತ್ತೇ ಮಾಡಿ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಡಿ, ಇಂಜಿನ್ ಆಯಿಲ್ ಬದಲಿಸಿ, ಸ್ಲಿಕ್ ಟೈರುಗಳ (ಗೀರಿಲ್ಲದ ರೇಸ್ ಟೈರು) ಮೇಲೆ ಭಾರ ಬೀಳದಂತೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ.

ಇನ್ನು ಕ್ಯಾಮ್. ನನ್ನ ಪ್ರಕಾರ ಈ ವರ್ಷ ಬೇಡ. ದೊಡ್ಡ ಕ್ಯಾಮ್ ಅಂದರೆ ವಾಲ್ವ್ ಸ್ಪ್ರಿಂಗ್, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಎಲ್ಲವೂ ಅದಕ್ಕೆ ಹೊಂದಬೇಕು, ಖರ್ಚು ಜಾಸ್ತಿ. ನಿಮ್ಮ ಮೊದಲ 60 ಅಡಿಗೆ 1.9 ಸೆಕೆಂಡ್ ಹಿಡಿಯುತ್ತಿದೆ. ಕಾರು ಅಲ್ಲೇ ಸೋಲುತ್ತಿದೆ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ ಸುಮಾರು 0.15 ಸೆಕೆಂಡ್ ಉಳಿಯುತ್ತದೆ. ದುಡ್ಡನ್ನು ಹಿಂದಿನ ಸಸ್ಪೆನ್ಷನ್ ಮತ್ತು ಒಳ್ಳೆಯ ಟಾರ್ಕ್ ಕನ್ವರ್ಟರಿಗೆ ಹಾಕಿ.

ಮುಂದೆ 11.49 ಸೆಕೆಂಡಿಗೆ ಇಳಿದರೆ ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ನಿಯಮದಂತೆ ರೋಲ್ ಬಾರ್ (ಕಾರು ಮಗುಚಿದರೆ ಚಾಲಕನನ್ನು ಕಾಯುವ ಕೊಳವೆ ಚೌಕಟ್ಟು) ಬೇಕೇ ಬೇಕು. ವೆಲ್ಡಿಂಗಿಗೆ ಗ್ಯಾರೇಜ್ ಖಾಲಿ ಇರುವ ಈಗಲೇ ಹಾಕಿಸಿಬಿಡಿ.